ಮೊದಲು ನಿಯಮ ನೋಡಿ, ಆಮೇಲೆ ರೇಟು: ತಾಜಾ ಹಣ್ಣು–ತರಕಾರಿ ರಫ್ತಿಗೆ ಮಾರುಕಟ್ಟೆ ಆರಿಸಿಕೊಳ್ಳುವುದು ಹೇಗೆ?

ರೈತರ ಗುಂಪಿನಲ್ಲಿ ರಫ್ತಿನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ‘ಯಾವ ದೇಶದಲ್ಲಿ ರೇಟು ಜಾಸ್ತಿ?’ ಅಂತ. ಕೇಳಲೇಬೇಕಾದ ಪ್ರಶ್ನೆಯೇ, ಆದರೆ ಅದಕ್ಕಿಂತ ಮುಂಚೆ ಇನ್ನೆರಡು ಇವೆ. ಯಾವ ದೇಶದ ನಿಯಮವನ್ನು ನಮ್ಮ ತೋಟ ಈ ಹಂಗಾಮಿನಲ್ಲಿ ಪೂರ್ತಿ ಪಾಲಿಸಬಲ್ಲದು? ಮಾಲು ಅಲ್ಲಿ ತಿರಸ್ಕಾರವಾದರೆ ನಷ್ಟ ಯಾರ ತಲೆಯ ಮೇಲೆ ಬರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ನೋಡುವ ರೇಟು ಮಾತ್ರ ನಿಜವಾದ ರೇಟು.

ಕೋಲಾರ–ಶ್ರೀನಿವಾಸಪುರದ ಮಾವು, ವಿಜಯಪುರ–ಬಾಗಲಕೋಟೆಯ ದ್ರಾಕ್ಷಿ ಮತ್ತು ದಾಳಿಂಬೆ, ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿ, ಬೆಂಗಳೂರು ಸುತ್ತಲಿನ ತರಕಾರಿ, ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಲ್ಲಿ ದೇಶಗಳು, ಯುರೋಪು, ಅಮೆರಿಕ, ಜಪಾನುಗಳನ್ನು ಇಲ್ಲಿ ಹೋಲಿಸಿದ್ದೇನೆ. ನಮ್ಮದೇ ಸರ್ಕಾರದ ರಫ್ತು ನೀತಿಯನ್ನೂ ಈ ಹೋಲಿಕೆಗೆ ಸೇರಿಸಿದ್ದೇನೆ. ಈರುಳ್ಳಿ ಬೆಳೆಯುವವರಿಗೆ ಎಲ್ಲಕ್ಕಿಂತ ಕಠಿಣವಾದ ನಿಯಮ ಬಂದದ್ದು ಅಲ್ಲಿಂದಲೇ.

ಎಲ್ಲರಿಗೂ ಬೇಕಾದ ಕಾಗದ

ಎಲ್ಲಿಗೆ ಕಳಿಸಿದರೂ ರಫ್ತುದಾರನ ಹೆಸರಿನಲ್ಲಿ ಐಇಸಿ ಇರಬೇಕು. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಈ ಆಮದು–ರಫ್ತು ಕೋಡ್ ಆನ್‌ಲೈನಿನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಹಣ್ಣು–ತರಕಾರಿ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಅಪೆಡಾದ ಪಟ್ಟಿಯಲ್ಲಿರುವುದರಿಂದ ಅಲ್ಲಿನ ನೋಂದಣಿ ಪತ್ರ, ಅಂದರೆ ಆರ್‌ಸಿಎಂಸಿ ಕೂಡ ಬೇಕು. ಮೂರನೆಯದು ಸಸ್ಯ ಆರೋಗ್ಯ ಪ್ರಮಾಣಪತ್ರ. ವ್ಯಾಪಾರದವರ ಬಾಯಲ್ಲಿ ಇದು ಬರೀ ‘ಫೈಟೊ’. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ನಮೂನೆಯಲ್ಲಿ ಕೇಂದ್ರ ಕೃಷಿ ಸಚಿವಾಲಯದ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಪರವಾಗಿ ಇದನ್ನು ಕೊಡುತ್ತಾರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ‘ಫೈಟೊ ಸಿಕ್ಕಿತು, ಇನ್ನೇನು ತೊಂದರೆಯಿಲ್ಲ’ ಅಂದುಕೊಳ್ಳುತ್ತಾರೆ. ಫೈಟೊ ಹೇಳುವುದು ಕೀಟ–ರೋಗದ ಬಗ್ಗೆ ಮಾತ್ರ. ಕೊಳ್ಳುವ ದೇಶ ಬೇಡವೆಂದ ಹುಳು, ನೊಣ, ರೋಗ ಈ ಮಾಲಿನಲ್ಲಿ ಕಂಡುಬಂದಿಲ್ಲ ಎನ್ನುವುದಷ್ಟೇ ಅದರ ಮಾತು. ಹೊಡೆದ ಔಷಧದ ಶೇಷಾಂಶ ಎಷ್ಟಿದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಶೇಷಾಂಶದ್ದು ಬೇರೆ ಕಾನೂನು, ಬೇರೆ ಪರೀಕ್ಷೆ, ಬೇರೆ ಇಲಾಖೆ. ಒಂದರಲ್ಲಿ ಪಾಸಾದ ಮಾಲು ಇನ್ನೊಂದರಲ್ಲಿ ಬೀಳಬಹುದು, ಬಿದ್ದಿದೆ ಕೂಡ. ಹಾಗಾಗಿ ದೇಶ–ದೇಶ ಹೋಲಿಸುವಾಗ ಹುಳುವಿನ ನಿಯಮ, ಔಷಧದ ನಿಯಮ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಕೊಲ್ಲಿ ದೇಶಗಳು

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಬೆಂಡೆ, ನುಗ್ಗೆ, ಹಾಗಲ, ಕರಿಬೇವು, ಹಸಿಮೆಣಸು, ಮಾವು ಎಲ್ಲಕ್ಕೂ ಅಲ್ಲಿ ನೆಲೆಸಿದ ನಮ್ಮವರೇ ದೊಡ್ಡ ಗಿರಾಕಿಗಳು: ಕರಾವಳಿಯವರು, ಮಲಯಾಳಿಗಳು, ತಮಿಳರು. ಐದಾರು ಬಗೆಯ ತರಕಾರಿಯನ್ನು ಒಂದೇ ಲೋಡಿನಲ್ಲಿ ಕಳಿಸಬಹುದು. ಮಾವಿಗೆ ಯುರೋಪು, ಅಮೆರಿಕ ಕೇಳುವಂಥ ಬಿಸಿನೀರಿನ ಅಥವಾ ವಿಕಿರಣದ ಉಪಚಾರದ ಗೋಜಿಲ್ಲ. ಹೊಸದಾಗಿ ರಫ್ತಿಗೆ ಇಳಿಯುವವರಿಗೆ ಇದೇ ಮೊದಲ ಮೆಟ್ಟಿಲು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ‘ದುಬೈಗೆ ಏನು ಕಳಿಸಿದರೂ ನಡೆಯುತ್ತದೆ’ ಎನ್ನುವ ಮಾತನ್ನು ನಂಬಬೇಡಿ. 2014ರಲ್ಲಿ ಸೌದಿ ಅರೇಬಿಯಾ ಶೇಷಾಂಶದ ಕಾರಣ ಕೊಟ್ಟು ಭಾರತದ ಹಸಿಮೆಣಸಿನಕಾಯಿಯನ್ನೇ ನಿಲ್ಲಿಸಿತ್ತು. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ ಯುಎಇ ಆ ರಾಜ್ಯದ ಹಣ್ಣು–ತರಕಾರಿಗೆ ಬಾಗಿಲು ಹಾಕಿತು. ನಿಯಮ ಸಡಿಲವಾಗಿ ಕಾಣುತ್ತದೆ, ಬಿಗಿಯಾಗುವಾಗ ಮಾತ್ರ ಒಂದೇ ದಿನದಲ್ಲಿ ಆಗುತ್ತದೆ.

ಕೊಲ್ಲಿ ವ್ಯಾಪಾರದ ನಿಜವಾದ ಕಷ್ಟ ಹಣದ್ದು. ಬಹಳಷ್ಟು ಮಾಲು ಕಮಿಷನ್ ಲೆಕ್ಕದಲ್ಲಿ ಹೋಗುತ್ತದೆ. ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಮಾರಾಟವಾದ ಮೇಲೆಯೇ ರೇಟು ಗೊತ್ತಾಗುವುದು. ‘ಮಾಲು ಬಾಡಿತ್ತು, ಅರ್ಧ ರೇಟಿಗೆ ಹೋಯಿತು’ ಎಂದು ಅಲ್ಲಿಂದ ಸಂದೇಶ ಬಂದರೆ ಇಲ್ಲಿ ಕೂತವರು ಹೋಗಿ ನೋಡಲಾಗುವುದಿಲ್ಲ. ಖರೀದಿದಾರ ದಿವಾಳಿಯಾದರೆ, ಹಣ ಕೊಡದೆ ಹೋದರೆ ಕೇಂದ್ರ ಸರ್ಕಾರದ ಸಂಸ್ಥೆ ಇಸಿಜಿಸಿಯ ರಫ್ತು ವಿಮೆ ಕೈಹಿಡಿಯುತ್ತದೆ. ಗುಣಮಟ್ಟದ ತಕರಾರು ತೆಗೆದು ಹಣ ಕಡಿತ ಮಾಡಿದರೆ ಹಿಡಿಯುವುದಿಲ್ಲ. ಮೊದಮೊದಲ ಲೋಡುಗಳಿಗೆ ಅರ್ಧದಷ್ಟಾದರೂ ಮುಂಗಡ ಕೇಳಿ. ಕೊಡದವರಿಗೆ ಸಣ್ಣ ಲೋಡು ಕಳಿಸಿ ನೋಡಿ.

ಯುರೋಪು: ನಿರ್ಧಾರವಾಗುವುದು ತೋಟದಲ್ಲೇ

ಯುರೋಪಿನ ನಿಯಮ ಅರ್ಥವಾಗಬೇಕಾದರೆ 2014 ನೆನಪಿರಬೇಕು. ಆ ವರ್ಷ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನೂ ಬದನೆ, ಹಾಗಲ, ಪಡವಲ, ಕೆಸುವುಗಳನ್ನೂ ನಿಷೇಧಿಸಿತು. ಅದರ ಹಿಂದಿನ ವರ್ಷ ಭಾರತದಿಂದ ಹೋದ ಹಣ್ಣು–ತರಕಾರಿಯ 207 ರವಾನೆಗಳಲ್ಲಿ ಹಣ್ಣುನೊಣ ಮತ್ತಿತರ ಕೀಟ ಸಿಕ್ಕಿದ್ದವು. ಮಾವಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು. ತರಕಾರಿಯವರು ಇನ್ನೂ ಎರಡು ವರ್ಷ ಕಾಯಬೇಕಾಯಿತು. ಯಾರದೋ ತೋಟದ ಹುಳುವಿಗೆ ದೇಶದ ಎಲ್ಲ ಬೆಳೆಗಾರರೂ ದಂಡ ತೆತ್ತರು.

ಈಗ ಯುರೋಪಿಗೆ ಹೋಗುವ ಮಾಲು ಅಪೆಡಾ ಮಾನ್ಯತೆಯ ಪ್ಯಾಕ್‌ಹೌಸ್ (ಮಾಲನ್ನು ವಿಂಗಡಿಸಿ ಪ್ಯಾಕ್ ಮಾಡುವ ಘಟಕ) ಮೂಲಕವೇ ಹೋಗಬೇಕು. ತಪಾಸಣೆ ನಡೆಯುವುದೂ ಅಲ್ಲೇ. ಕರಿಬೇವಿನ ಕಟ್ಟನ್ನು ಬಿಳಿ ಹಾಳೆಯ ಮೇಲೆ ಕೊಡವಿ, ಉದುರಿದ್ದನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಮಾವನ್ನು ಓಟೆಯವರೆಗೂ ಕೊಯ್ದು ಒಳಗೆ ಮೂತಿಹುಳು ಇದೆಯೇ ಎಂದು ಪರೀಕ್ಷಿಸುತ್ತಾರೆ. ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣುವ ಬಾದಾಮಿ ಮಾವಿನ ಹಣ್ಣಾದರೂ ಓಟೆಯೊಳಗೆ ಹುಳುವಿದ್ದರೆ ಸಿಪ್ಪೆ ನೋಡಿ ಹೇಳಲಾಗದು.

ಮಾವಿಗೆ ಬಿಸಿನೀರಿನ ಉಪಚಾರ ಉಂಟು. 48 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಹಣ್ಣುನೊಣದ ಮೊಟ್ಟೆ, ಮರಿ ಸಾಯುವುದು ಇದರಿಂದ. ಸರಿಯಾಗಿ ಬಲಿಯದ ಕಾಯಿಗೆ ಈ ಬಿಸಿ ತಡೆಯುವುದಿಲ್ಲ, ಸಿಪ್ಪೆ ಕಂದುತ್ತದೆ, ಮಾಗುವಾಗ ಒಳಗೆ ಗಟ್ಟಿ ಉಳಿಯುತ್ತದೆ. ಕೀಳುವಾಗ ತೊಟ್ಟು ಬಿಟ್ಟು ಕತ್ತರಿಸದೆ ಹೋದರೆ ಸೊನೆ ಸಿಪ್ಪೆಯ ಮೇಲೆ ಹರಿದು ಕಪ್ಪು ಗೆರೆ ಬೀಳುತ್ತದೆ. ಆ ಹಣ್ಣು ಪ್ಯಾಕ್‌ಹೌಸಿನ ಬಾಗಿಲಲ್ಲೇ ಹೊರಗೆ. ಒಂದಿಂಚು ತೊಟ್ಟು ಬಿಟ್ಟು ಕೊಯ್ದು, ಆಮೇಲೆ ತೊಟ್ಟು ಮುರಿದು, ತೊಟ್ಟಿನ ಭಾಗ ಕೆಳಗಾಗಿ ಜಾಳಿಗೆಯ ಮೇಲಿಟ್ಟು ಸೊನೆ ಇಳಿಸಿದ ಹಣ್ಣು ಮಾತ್ರ ಈ ದಾರಿಗೆ ನಿಲ್ಲುತ್ತದೆ. ಕೋಲು ಹಾಕಿ ಉದುರಿಸುವ ತೋಟದವರು ಯುರೋಪಿನ ಆಸೆಯನ್ನು ಈ ವರ್ಷಕ್ಕೆ ಬಿಡುವುದೇ ಒಳ್ಳೆಯದು. ಮೊದಲು ಕೊಯ್ಲು ಮಾಡುವವರಿಗೆ ತರಬೇತಿ ಆಗಲಿ.

ಇನ್ನು ಔಷಧದ್ದು. ಯುರೋಪಿನಲ್ಲಿ ಬೇರೆ ಮಿತಿ ಗೊತ್ತುಮಾಡದ ಯಾವ ಕೀಟನಾಶಕಕ್ಕೂ ಅನ್ವಯಿಸುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ನೂರು ಟನ್ ಹಣ್ಣಿನಲ್ಲಿ ಒಂದೇ ಒಂದು ಗ್ರಾಂ ಎಂದು ಲೆಕ್ಕ. ನಮ್ಮಲ್ಲಿ ಸಲೀಸಾಗಿ ಬಳಸುವ ಕೀಟನಾಶಕ ಕ್ಲೋರ್‌ಪೈರಿಫಾಸ್‌ಗೆ 2020ರಿಂದ ಅಲ್ಲಿ ಅನುಮತಿಯೇ ಇಲ್ಲ, ಮಿತಿಯನ್ನೂ 0.01ಕ್ಕೆ ಇಳಿಸಿದ್ದಾರೆ. ಇಷ್ಟು ಸೂಕ್ಷ್ಮದಲ್ಲಿ ಪಕ್ಕದ ಹೊಲದವರು ಹೊಡೆದ ಔಷಧ ಗಾಳಿಗೆ ತೇಲಿ ಬಂದರೂ ಸಾಕು, ತೊಳೆಯದ ಅದೇ ಪಂಪು ಬಳಸಿದರೂ ಸಾಕು, ಮಾಲು ಬೀಳುತ್ತದೆ.

ದ್ರಾಕ್ಷಿ ಬೆಳೆಗಾರರು ಇದನ್ನು ಬೆಲೆ ತೆತ್ತು ಕಲಿತವರು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಮಿತಿ ಮೀರಿ ಸಿಕ್ಕಿತು. ಕೀಟನಾಶಕವೂ ಅಲ್ಲ, ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಚಿಗುರು ಹಿಡಿತದಲ್ಲಿರಲಿ ಎಂದು ಹೊಡೆಯುವ, ತೋಟದಲ್ಲಿ ಸಿಸಿಸಿ ಎನ್ನುವ ಬೆಳವಣಿಗೆ ನಿಯಂತ್ರಕ ಅದು. ಹಂಗಾಮಿನ ನಡುವೆ ಕಂಟೇನರುಗಳು ಅಲ್ಲೇ ನಿಂತವು, ರಫ್ತುದಾರರೂ ರೈತರೂ ದೊಡ್ಡ ಪೆಟ್ಟು ತಿಂದರು. ತಿಂಗಳುಗಳ ಹಿಂದೆ ಹೊಡೆದದ್ದು ಬಳ್ಳಿಯಲ್ಲಿ ಉಳಿದು ಗೊಂಚಲಿಗೆ ಬರುತ್ತದೆ ಎಂಬುದು ಎಲ್ಲರಿಗೂ ಅರಿವಾದದ್ದು ಆಗ.

ಈ ಕಾರಣಕ್ಕೇ ದ್ರಾಕ್ಷಿಗೆ ಇರುವ ಗ್ರೇಪ್‌ನೆಟ್ ವ್ಯವಸ್ಥೆ ನನಗೆ ಬಹಳ ಇಷ್ಟ. ತೋಟಗಾರಿಕೆ ಇಲಾಖೆಯಲ್ಲಿ ಪ್ಲಾಟು ನೋಂದಣಿ ಮಾಡಿಸಬೇಕು. ಪ್ರತಿ ಪ್ಲಾಟಿಗೂ ಒಂದು ಸಂಖ್ಯೆ. ಕಟಾವಿಗೆ ಮುಂಚೆ ಮಾನ್ಯತೆ ಪಡೆದ ಪ್ರಯೋಗಾಲಯದವರೇ ತೋಟಕ್ಕೆ ಬಂದು ಮಾದರಿ ಒಯ್ಯುತ್ತಾರೆ, ರೈತ ಆರಿಸಿಕೊಟ್ಟ ಗೊಂಚಲು ನಡೆಯುವುದಿಲ್ಲ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದಕ್ಕೆಲ್ಲ ಉಲ್ಲೇಖ ಪ್ರಯೋಗಾಲಯ. ವರದಿ ಪಾಸಾದರೆ ಪ್ಯಾಕ್‌ಹೌಸ್, ಆಗ್‌ಮಾರ್ಕ್ ಪ್ರಮಾಣಪತ್ರ, ಆಮೇಲೆ ಫೈಟೊ. ಫೇಲಾದರೆ ಆ ಪ್ಲಾಟಿನ ಮೇಲೆ ಆಂತರಿಕ ಎಚ್ಚರಿಕೆ ಬೀಳುತ್ತದೆ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಬೀಳುವುದಕ್ಕಿಂತ ವಿಜಯಪುರದ ತೋಟದಲ್ಲೇ ಬಿದ್ದರೆ ಉಳಿಯುವುದೆಷ್ಟು ನೋಡಿ: ಹಣ್ಣು ಇನ್ನೂ ಬಳ್ಳಿಯಲ್ಲಿದೆ, ಒಣದ್ರಾಕ್ಷಿಗೆ ಹಾಕಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು. ಮಾವು, ದಾಳಿಂಬೆ, ತರಕಾರಿಗಳಿಗೂ ಅಪೆಡಾ ಇಂಥದೇ ನೋಂದಣಿ ವ್ಯವಸ್ಥೆ ಮಾಡಿದೆ.

ಇನ್ನೊಂದೆರಡು ವಿಷಯ ಬೇಗ ಹೇಳಿಬಿಡುತ್ತೇನೆ. 2019ರ ಡಿಸೆಂಬರ್ 14ರಿಂದ ಯುರೋಪಿಗೆ ಹೆಚ್ಚುಕಡಿಮೆ ಎಲ್ಲ ತಾಜಾ ಹಣ್ಣು–ತರಕಾರಿಗೂ ಫೈಟೊ ಕಡ್ಡಾಯ. ವಿನಾಯಿತಿ ಇರುವುದು ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ದೂರಿಯನ್ ಐದಕ್ಕೆ ಮಾತ್ರ, ಶೇಷಾಂಶದ ನಿಯಮ ಅವುಗಳಿಗೂ ಇದೆ. ಭಾರತದ ಬೆಂಡೆ, ನುಗ್ಗೆ, ಕರಿಬೇವುಗಳನ್ನು ಅಲ್ಲಿನ ಗಡಿಯಲ್ಲಿ ಹೆಚ್ಚುವರಿ ತಪಾಸಣೆಯ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ, ಪ್ರತಿ ಹಂಗಾಮಿಗೂ ಹೊಸದಾಗಿ ನೋಡಿಕೊಳ್ಳಬೇಕು. ಒಳ್ಳೆಯ ಕೃಷಿ ಪದ್ಧತಿ ಪಾಲಿಸಿದ್ದಕ್ಕೆ ಕೊಡುವ ಗ್ಲೋಬಲ್ ಗ್ಯಾಪ್ ಪ್ರಮಾಣಪತ್ರ ಸರ್ಕಾರದ ನಿಯಮವಲ್ಲ, ಸೂಪರ್‌ಮಾರ್ಕೆಟ್‌ಗಳ ಬೇಡಿಕೆ. ಖರೀದಿದಾರ ಕೇಳುವ ಮೊದಲೇ ಅದಕ್ಕೆ ದುಡ್ಡು ಸುರಿಯಬೇಡಿ.

ಅಮೆರಿಕ ಮತ್ತು ಜಪಾನ್

ಅಮೆರಿಕ 2007ರಲ್ಲಿ ಭಾರತದ ಮಾವಿಗೆ ಬಾಗಿಲು ತೆರೆದದ್ದು ವಿಕಿರಣದ ಷರತ್ತಿನ ಮೇಲೆ. ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಕೊಟ್ಟರೆ ಒಳಗಿರುವ ಕೀಟ ಬೆಳೆಯುವುದೂ ಇಲ್ಲ, ಸಂತತಿ ಹರಡುವುದೂ ಇಲ್ಲ. 2012ರಲ್ಲಿ ದಾಳಿಂಬೆಗೂ ಇದೇ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ನಮ್ಮ ಮಾಲೂರಿನಲ್ಲೇ ವಿಕಿರಣ ಘಟಕ ಇರುವುದು ಕೋಲಾರದ ಕಡೆಯವರಿಗೆ ಅನುಕೂಲ. ಆದರೆ ಅಮೆರಿಕದ ವ್ಯವಸ್ಥೆ ಅಲ್ಲಿನ ಕೃಷಿ ಇಲಾಖೆಯ ಮೇಲ್ವಿಚಾರಣೆಯ ಮೇಲೆ ನಿಂತಿತ್ತು. ಕೋವಿಡ್ ಬಂದಾಗ ಅವರ ಇನ್ಸ್‌ಪೆಕ್ಟರುಗಳು ಬರಲಾಗದೆ 2020, 2021ರ ಎರಡು ಹಂಗಾಮು ಮಾವು ಹೋಗಲೇ ಇಲ್ಲ, 2022ರಲ್ಲಿ ಮತ್ತೆ ಶುರುವಾಯಿತು.

2025ರ ಮೇ ತಿಂಗಳ ಘಟನೆ ಇನ್ನೂ ಕಣ್ಣು ತೆರೆಸುವಂಥದು. ನವಿ ಮುಂಬಯಿಯಲ್ಲಿ ವಿಕಿರಣ ಪಡೆದ ಮಾವಿನ 15 ರವಾನೆಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ಹಣ್ಣಿನಲ್ಲಿ ಹುಳು ಸಿಕ್ಕಿರಲಿಲ್ಲ. ವಿಕಿರಣಕ್ಕೆ ಸಂಬಂಧಿಸಿದ ಪಿಪಿಕ್ಯೂ 203 ಎಂಬ ನಮೂನೆಯಲ್ಲಿ ದೋಷವಿದೆ ಎಂದರು. ವಾಪಸ್ ತರಿಸಿಕೊಳ್ಳುವ ಖರ್ಚು ಹಣ್ಣಿನ ಬೆಲೆಗಿಂತ ಹೆಚ್ಚಾಗುತ್ತದೆಂದು ಅಲ್ಲೇ ನಾಶ ಮಾಡಬೇಕಾಯಿತು. ಬೆಳೆದವನ ತಪ್ಪಿಲ್ಲ, ಹಣ್ಣಿನ ತಪ್ಪಿಲ್ಲ, ಒಂದು ಕಾಗದಕ್ಕೆ ಇಡೀ ಲೋಡು ಹೋಯಿತು. ಅಮೆರಿಕಕ್ಕೆ ಕಳಿಸುವವರು ಹಲವು ಹಂಗಾಮು ಇದೇ ಕೆಲಸ ಮಾಡಿದ ರಫ್ತುದಾರರ ಜೊತೆಗೇ ಹೋಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಜಪಾನು ಹಣ್ಣುನೊಣದ ಕಾರಣಕ್ಕೆ ಇಪ್ಪತ್ತು ವರ್ಷ ನಮ್ಮ ಮಾವನ್ನು ದೂರವಿಟ್ಟು 2006ರಲ್ಲಿ ಒಪ್ಪಿತು. ಅಲ್ಲಿಗೆ ವಿಕಿರಣ ನಡೆಯದು, ಹಬೆಯ ಉಪಚಾರ ಬೇಕು: ಹಣ್ಣಿನ ತಿರುಳು 47.5 ಡಿಗ್ರಿ ತಲುಪಿದ ಮೇಲೆ 20 ನಿಮಿಷ. ಶೇಷಾಂಶದ ಸಾಮಾನ್ಯ ಮಿತಿ ಅಲ್ಲೂ 0.01. ಬೆಲೆ ಒಳ್ಳೆಯದು, ಪ್ರಮಾಣ ಕಡಿಮೆ. ಸಣ್ಣ ಗುಂಪಿನ ಮೊದಲ ಆಯ್ಕೆಯಾಗಿ ನಾನಿದನ್ನು ಸೂಚಿಸುವುದಿಲ್ಲ.

ಈರುಳ್ಳಿ: ಬಾಗಿಲು ಹಾಕುವವರು ನಮ್ಮವರೇ

ಮೇಲೆ ಹೇಳಿದ್ದೆಲ್ಲ ಹೊರಗಿನವರ ನಿಯಮ. ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯವರ ಕತೆಯೇ ಬೇರೆ. ಭೌಗೋಳಿಕ ಸೂಚಿಕೆ ಪಡೆದ ಈ ‘ಬೆಂಗಳೂರು ರೋಸ್’ ಈರುಳ್ಳಿಗೆ ಊರಲ್ಲಿ ಗಿರಾಕಿ ಕಡಿಮೆ. ಮಲೇಷ್ಯಾ, ಸಿಂಗಪುರ, ಶ್ರೀಲಂಕಾದ ಅಡುಗೆಮನೆಗಳಿಗಾಗಿಯೇ ಬೆಳೆಯುವ ಬೆಳೆ ಇದು. ದೆಹಲಿಯಲ್ಲಿ ನಾಸಿಕದ ದಪ್ಪ ಈರುಳ್ಳಿ ತುಟ್ಟಿಯಾದಾಗ ಹಾಕುವ ನಿಷೇಧ ಇದರ ಮೇಲೂ ಬೀಳುತ್ತದೆ.

2019ರ ಸೆಪ್ಟೆಂಬರಿನಲ್ಲಿ ನಿಷೇಧ ಬಂತು. ಒಂದು ತಿಂಗಳ ನಂತರ 9,000 ಟನ್ ಗುಲಾಬಿ ಈರುಳ್ಳಿಗೆ ಮಾತ್ರ ದಾರಿ ಬಿಟ್ಟರು. 2020ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧ, ಅಕ್ಟೋಬರಿನಲ್ಲಿ 10,000 ಟನ್‌ಗೆ ಅನುಮತಿ, ಅದೂ ಚೆನ್ನೈ ಬಂದರಿನಿಂದ ಮಾತ್ರ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಮಾತ್ರ. 2023ರ ಆಗಸ್ಟಿನಲ್ಲಿ ಎಲ್ಲ ಈರುಳ್ಳಿಗೂ ಶೇ 40 ರಫ್ತು ಸುಂಕ. ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. 2024ರ ಮೇ 4ರಂದು ನಿಷೇಧ ತೆಗೆದರೂ ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ, ಶೇ 40 ಸುಂಕ ಉಳಿದವು. ಸೆಪ್ಟೆಂಬರಿನಲ್ಲಿ ಕನಿಷ್ಠ ಬೆಲೆ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವೂ ಇಲ್ಲ.

ತಿಂಗಳಿಗೊಂದು ಅಧಿಸೂಚನೆ ಬಂದರೆ ಬೆಳೆಗಾರ ಏನು ಮಾಡಬೇಕು? ನಾಟಿ ಮಾಡಿದ ದಿನದ ನಿಯಮವೇ ಬೇರೆ, ಕಿತ್ತ ದಿನದ ನಿಯಮವೇ ಬೇರೆ. ಊರಲ್ಲಿ ತಿನ್ನದ ಈರುಳ್ಳಿಯನ್ನು ತಡೆದು ಊರಿನ ಬೆಲೆ ಇಳಿಸಲಾಗುವುದಿಲ್ಲ. ಗುಲಾಬಿ ಈರುಳ್ಳಿಗೆ ಪ್ರತಿ ಸಲ ವಿನಾಯಿತಿ ಬೇಡುವ ಬದಲು ಅದನ್ನು ನಿಷೇಧದ ಪಟ್ಟಿಯಿಂದ ಕಾಯಂ ಆಗಿ ಹೊರಗಿಡುವುದೇ ನ್ಯಾಯ. ಅಲ್ಲಿಯವರೆಗೆ ಈ ಬೆಳೆಗಾರರು ಇಡೀ ಹೊಲಕ್ಕೆ ಇದನ್ನೇ ಹಾಕದೆ ಒಂದು ಪಾಲನ್ನು ಬೇರೆ ಬೆಳೆಗೆ ಬಿಡಬೇಕು. ಸಾಲ ಮಾಡಿ ಬೆಳೆಯುವವರಂತೂ ಇದನ್ನು ಮರೆಯಲೇಬಾರದು.

ಕಾಗದ ಯಾರ ಹೆಸರಿನಲ್ಲಿರಲಿ?

ಮಾರುಕಟ್ಟೆ ಆರಿಸಿದ ಮೇಲೂ ಒಂದು ಆಯ್ಕೆ ಉಳಿಯುತ್ತದೆ. ತೋಟದ ಬಾಗಿಲಲ್ಲೇ ರಫ್ತುದಾರನಿಗೆ ಮಾರುವುದು ಒಂದು ದಾರಿ. ದುಡ್ಡು ಬೇಗ ಕೈಸೇರುತ್ತದೆ, ಅಪಾಯ ಅವನದು, ಲಾಭದ ದೊಡ್ಡ ಪಾಲೂ ಅವನದು. ರೈತ ಉತ್ಪಾದಕ ಸಂಸ್ಥೆಯ (ಎಫ್‌ಪಿಒ) ಹೆಸರಿನಲ್ಲೇ ಐಇಸಿ ಮಾಡಿಸಿ ನೇರ ಕಳಿಸುವುದು ಇನ್ನೊಂದು. ಅಲ್ಲಿ ಲಾಭವೂ ನಿಮ್ಮದೇ, ತಿರಸ್ಕಾರವಾದ ಕಂಟೇನರೂ ನಿಮ್ಮದೇ. ನಡುವೆ ಒಂದು ದಾರಿ ಇದೆ, ಹೆಚ್ಚಿನ ಗುಂಪುಗಳಿಗೆ ನಾನು ಹೇಳುವುದು ಅದನ್ನೇ: ನೋಂದಣಿ, ಸಿಂಪಡಣೆ ದಾಖಲೆ, ಪ್ರಯೋಗಾಲಯದ ವರದಿ ನಿಮ್ಮ ಹೆಸರಿನಲ್ಲಿರಲಿ. ಪ್ಯಾಕ್‌ಹೌಸ್, ಹಡಗು, ಖರೀದಿದಾರನ ವ್ಯವಹಾರವನ್ನು ಒಬ್ಬ ಅನುಭವಸ್ಥ ರಫ್ತುದಾರ ನೋಡಿಕೊಳ್ಳಲಿ. ಆ ವರದಿ ನಿಮ್ಮ ಕೈಯಲ್ಲಿದ್ದರೆ ಮುಂದಿನ ವರ್ಷ ಬೇರೆ ರಫ್ತುದಾರನ ಜೊತೆ ರೇಟು ಮಾತಾಡಬಹುದು. ಅವನ ಕಪಾಟಿನಲ್ಲಿದ್ದರೆ ಅವನು ಹೇಳಿದ್ದೇ ರೇಟು.

ಸಿಂಪಡಣೆ ದಾಖಲೆ ಎಂದರೆ ದೊಡ್ಡ ಕೆಲಸವೇನಲ್ಲ. ಪ್ಲಾಟಿನ ಸಂಖ್ಯೆ, ತಾರೀಖು, ಔಷಧದ ಬ್ರಾಂಡ್ ಹೆಸರಿನ ಜೊತೆ ಅದರೊಳಗಿನ ರಾಸಾಯನಿಕದ ಹೆಸರು, ಲೀಟರಿಗೆ ಎಷ್ಟು, ಕಟಾವಿಗೆ ಎಷ್ಟು ದಿನ ಮುಂಚೆ. ಅಂಗಡಿಯ ಬಿಲ್ಲನ್ನೂ ಅದೇ ಪುಸ್ತಕಕ್ಕೆ ಅಂಟಿಸಿ. ಕೊಲ್ಲಿಗೆ ಮಾತ್ರ ಕಳಿಸುವವರೂ ಇದನ್ನು ಇವತ್ತೇ ಶುರುಮಾಡಿ. ಯುರೋಪಿಗೆ ಹೋಗುವ ದಿನ ಹಿಂದಿನ ಪುಟಗಳೇ ನಿಮ್ಮ ಬಂಡವಾಳ.

ಬೆಳೆವಾರು ಹೇಳುವುದಾದರೆ, ಮಿಶ್ರ ತರಕಾರಿ ಮತ್ತು ಸೊಪ್ಪಿನವರು ಕೊಲ್ಲಿಯಲ್ಲೇ ಗಟ್ಟಿಯಾಗಲಿ. ದ್ರಾಕ್ಷಿಯವರು ನೋಂದಣಿ ಮಾಡಿಸಿ ಯುರೋಪಿಗೆ ಪ್ರಯತ್ನಿಸಬಹುದು, ಒಣದ್ರಾಕ್ಷಿಯ ಆಸರೆ ಬೆನ್ನಿಗಿದೆ. ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾದ ವರ್ಷಗಳಲ್ಲಿ ಪ್ರಯಾಣ ವಾರಕ್ಕೂ ಮಿಕ್ಕಿ ಹೆಚ್ಚುತ್ತದೆ, ಗೊಂಚಲಿನ ಗಟ್ಟಿತನ ನೋಡಿ ತೀರ್ಮಾನಿಸಿ. ದಾಳಿಂಬೆಯಲ್ಲಿ ದುಂಡಾಣು ಅಂಗಮಾರಿ ಕಂಡ ತೋಟದವರು ಆ ಬಹಾರಿಗೆ (ಆ ಸಲದ ಫಸಲಿಗೆ) ದೂರದ ದೇಶದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮಾವಿನಲ್ಲಿ ಬಾದಾಮಿ, ಬೈಗನಪಲ್ಲಿ, ಮಲ್ಲಿಕಾ ಇದ್ದು ಕೊಯ್ಲು ಶಿಸ್ತಿನದಾಗಿದ್ದರೆ ಯುರೋಪು, ಇಲ್ಲದಿದ್ದರೆ ಕೊಲ್ಲಿ.

ರಫ್ತುದಾರನ ಜೊತೆ ಮಾತಿಗೆ ಕೂರುವುದು ದ್ರಾಕ್ಷಿಯಲ್ಲಿ ಅಕ್ಟೋಬರ್ ಚಾಟ್ನಿಗೆ ಮುಂಚೆ, ಮಾವಿನಲ್ಲಿ ಹೂವಿಗೆ ಮುಂಚೆ ಆಗಬೇಕು. ಯಾವ ಔಷಧ ಹೊಡೆಯಬೇಕು, ಯಾವುದು ಬೇಡ ಎಂಬ ಪಟ್ಟಿ ಆಗಲೇ ಕೈಗೆ ಬರಬೇಕು. ಪರೀಕ್ಷೆಯ ಶುಲ್ಕ ಯಾರದು, ರೇಟು ಗೊತ್ತಾಗುವುದು ತೋಟದಲ್ಲೋ ಪ್ಯಾಕ್‌ಹೌಸಿನಲ್ಲೋ, ಆರಿಸಿ ಬಿಟ್ಟ ಎರಡನೇ ದರ್ಜೆಯ ಮಾಲು ಯಾರಿಗೆ, ಅಲ್ಲಿ ತಿರಸ್ಕಾರವಾದರೆ ಹಣ ಕಡಿತವೇ, ಬಾಕಿ ಎಷ್ಟು ದಿನದಲ್ಲಿ, ಇಷ್ಟಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಬರೆದುಕೊಡಲು ಹಿಂಜರಿಯುವವರಿಗೆ ಆ ಹಂಗಾಮಿನ ಮಾಲು ಕೊಡಬೇಡಿ, ಮಂಡಿಯಲ್ಲೇ ಮಾರಿ.